ಎತ್ತರ ಇದ್ದಾನೆ ಅಂತ ಗೋಲಿನ ಮುಂದೆ ನಿಲ್ಲಿಸಬೇಕಾ? ಫುಟ್ಟಿ ಕೋಚಿಂಗ್ ಕಲಿಯುವವರಿಗೆ ಒಂದು ಟಿಪ್ಪಣಿ

ಮೆಲ್ಬರ್ನಿನ ಪಶ್ಚಿಮದ ಒಂದು ಮೈದಾನ. ಚಳಿಗಾಲದ ಬೆಳಗ್ಗೆ, 12 ವರ್ಷದೊಳಗಿನ ಮಕ್ಕಳ ಫುಟ್ಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯ. ನಾನು ನೀರಿನ ಬಾಟಲಿ ಹಿಡಿದು ಗೆರೆ ಪಕ್ಕ ನಿಂತಿದ್ದೆ. ನಮ್ಮ ತಂಡದ ಎಲ್ಲರಿಗಿಂತ ಎತ್ತರದ ಹುಡುಗ ಫುಲ್ ಫಾರ್ವರ್ಡ್, ಅಂದರೆ ನಾವು ಗೋಲು ಹೊಡೆಯಬೇಕಾದ ಕಂಬಗಳ ಮುಂದೆ. ಗಾಳಿ ನಮಗೆ ಎದುರು. ಒಂದು ಕ್ವಾರ್ಟರ್ (ಪಂದ್ಯದ ಕಾಲು ಭಾಗ) ಪೂರ್ತಿ ಚೆಂಡು ಅವನ ಕಡೆ ಬಂದದ್ದು ಒಂದೇ ಸಲ, ಅದೂ ಕೈಗೆ ಸಿಗದೆ ಗೆರೆಯಾಚೆ ಉರುಳಿತು. ಉಳಿದ ಹೊತ್ತೆಲ್ಲ ಅವನು ಎರಡೂ ಕೈ ಜರ್ಸಿಯೊಳಗೆ ಸಿಕ್ಕಿಸಿಕೊಂಡು, ಶೂ ತುದಿಯಲ್ಲಿ ಕೆಸರು ಕೆದಕುತ್ತಾ ನಿಂತಿದ್ದ. ಪಂದ್ಯ ಮುಗಿದ ಮೇಲೆ ಅವನಪ್ಪ, ನಮ್ಮ ಹಾಸನದ ಕಡೆಯವರು, "ಎತ್ತರ ಇದ್ದಾನಲ್ವಾ ಸರ್, ಅಲ್ಲೇ ಇರಲಿ ಬಿಡಿ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ನೋಡಿ, ಓದಿ, ಹಳೇ ಕೋಚ್‌ಗಳನ್ನು ಕೇಳಿ ಬರೆದಿಟ್ಟುಕೊಂಡದ್ದು ಇದು. ನನ್ನ ಹಾಗೆ ಮಕ್ಕಳ ತಂಡಕ್ಕೆ ಕೈಜೋಡಿಸಲು ಹೋಗಿ ಕೋಚಿಂಗಿಗೆ ಸಿಕ್ಕಿಹಾಕಿಕೊಂಡವರಿಗೆ ಉಪಯೋಗವಾದೀತು.

ಜಾಗಗಳ ಲೆಕ್ಕ

ಮೈದಾನ ಮೊಟ್ಟೆಯಾಕಾರ. ಬಹಳ ಕಡೆ ಬೇಸಿಗೆಯಲ್ಲಿ ಕ್ರಿಕೆಟ್ ಆಡುವುದೂ ಅದೇ ಹುಲ್ಲಿನ ಮೇಲೆ. ದೊಡ್ಡವರ ಮೈದಾನ ಉದ್ದಕ್ಕೆ 135ರಿಂದ 185 ಮೀಟರ್. ಈ ಆಟದ ಅತಿ ದೊಡ್ಡ ಲೀಗ್ ಆದ ಗಂಡಸರ ಎಎಫ್ಎಲ್‌ನಲ್ಲಿ ಒಂದು ತಂಡದಿಂದ 18 ಜನ ಕಣದಲ್ಲಿರುತ್ತಾರೆ, 2017ರಲ್ಲಿ ಶುರುವಾದ ಹೆಂಗಸರ ಲೀಗ್‌ನಲ್ಲಿ 16. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1. ಚೆಂಡನ್ನು ಎಸೆಯುವ ಹಾಗಿಲ್ಲ. ಒದೀಬೇಕು, ಇಲ್ಲವೇ ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಈ ಗುದ್ದಿಗೆ ಹ್ಯಾಂಡ್‌ಬಾಲ್ ಅನ್ನುತ್ತಾರೆ. ದೊಡ್ಡವರ ಆಟದಲ್ಲಿ 15 ಮೀಟರ್ ಆದರೂ ಸಾಗಿ ಬಂದ ಕಿಕ್ಕನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ಮಾರ್ಕ್. ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಹಕ್ಕು ಸಿಗುತ್ತೆ.

ಹಳೇ ಲೆಕ್ಕದಲ್ಲಿ, ನಾವು ಕಾಯುವ ಗೋಲಿನಿಂದ ಎದುರಾಳಿಯ ಗೋಲಿನ ಕಡೆಗೆ ಮೂವರ ಐದು ಸಾಲು: ಫುಲ್ ಬ್ಯಾಕ್, ಹಾಫ್ ಬ್ಯಾಕ್, ಸೆಂಟರ್, ಹಾಫ್ ಫಾರ್ವರ್ಡ್, ಫುಲ್ ಫಾರ್ವರ್ಡ್. ಅಲ್ಲಿಗೆ 15. ಉಳಿದ ಮೂವರು ರಕ್‌ಮನ್, ರಕ್ ರೋವರ್, ರೋವರ್. ಇವರ ಕೆಲಸ ಚೆಂಡಿನ ಬೆನ್ನು ಹತ್ತುವುದು.

ಈ ಆಟದಲ್ಲಿ ಆಫ್‌ಸೈಡ್ ಇಲ್ಲ ಅನ್ನುವುದು ನೆನಪಿರಲಿ. ಯಾರು ಎಲ್ಲಿಗೆ ಬೇಕಾದರೂ ಓಡಬಹುದು. ಎಎಫ್ಎಲ್‌ನಲ್ಲಿ 2019ರಿಂದ ಮಧ್ಯದಲ್ಲಿ ಆಟ ಶುರುವಾಗುವ ಗಳಿಗೆಯಲ್ಲಿ ಮಾತ್ರ ಹಿಂದೆ ಆರು, ನಡುವೆ ಆರು, ಮುಂದೆ ಆರು ಜನ ಇರಲೇಬೇಕು. ಚೆಂಡು ಮೇಲೆ ಹೋಯಿತೋ, ಆಮೇಲೆ ಎಲ್ಲ ಬಯಲೇ. ಹಾಗಾಗಿ ಫುಲ್ ಫಾರ್ವರ್ಡ್, ಹಾಫ್ ಬ್ಯಾಕ್ ಅನ್ನುವುದೆಲ್ಲ ಬಹುಪಾಲು ರೂಢಿಯ ಹೆಸರು. ಮಗು ಅಲ್ಲಿ ಏನು ಮಾಡುತ್ತೆ ಅನ್ನುವುದೇ ಅದರ ಜಾಗ.

ಮುಖ ಎತ್ತ ಕಡೆ?

ಸಾಮಾನ್ಯವಾಗಿ ಜಾಗ ಹಂಚುವುದು ಎತ್ತರ, ವೇಗ, ದಮ್ಮು ನೋಡಿ. ನನಗೆ ಅದಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ಬೇರೆ ಪ್ರಶ್ನೆ. ಅಲ್ಲಿ ನಿಂತ ಮಗುವಿನ ಮುಖ ಎತ್ತ ಕಡೆ ಇರುತ್ತೆ?

ಹಾಫ್ ಬ್ಯಾಕಿನಲ್ಲಿ ನಿಂತವನಿಗೆ ಇಡೀ ಆಟ ಕಣ್ಣೆದುರು. ಚೆಂಡು ಬರುವ ಮುಂಚೆಯೇ ಯಾರು ಖಾಲಿ ಇದ್ದಾರೆ, ಯಾರು ಓಡಿ ಬರುತ್ತಿದ್ದಾರೆ ಅಂತ ಕಾಣುತ್ತೆ. ಚೆಂಡು ಕೈಗೆ ಸಿಕ್ಕಾಗ ಮುಖ ಸರಿಯಾದ ದಿಕ್ಕಿನಲ್ಲೇ ಇರುತ್ತೆ, ಯೋಚಿಸಲು ಒಂದೆರಡು ಸೆಕೆಂಡೂ ಸಿಗುತ್ತೆ. ಆದರೆ ತಪ್ಪಿದರೆ ದುಬಾರಿ. ನಮ್ಮ ಗೋಲಿನ ಮುಂದೆ ಅಡ್ಡಡ್ಡ ಒದ್ದ ಒಂದು ಕೆಟ್ಟ ಕಿಕ್ ಎದುರಾಳಿಯ ಮಡಿಲಿಗೆ ಬಿದ್ದರೆ ಆರು ಅಂಕ ಹೋಯಿತು ಅಂತಲೇ. ಆ ಭಯವೂ ಒಂದು ಪಾಠ. ನಿಕ್ ಡೇಕಾಸ್ 2022ರಲ್ಲಿ ಕಾಲಿಂಗ್‌ವುಡ್ ತಂಡಕ್ಕೆ ಬಂದಾಗ ಮೊದಲ ವರ್ಷ ಹೆಚ್ಚಾಗಿ ಆಡಿದ್ದು ಹಾಫ್ ಬ್ಯಾಕಿನಲ್ಲೇ. ಎಳೆಯ ಆಟಗಾರರಿಗೆ ಕೊಡುವ ಆ ವರ್ಷದ ರೈಸಿಂಗ್ ಸ್ಟಾರ್ ಪ್ರಶಸ್ತಿ ಅವನಿಗೇ ಬಂತು. ಮಿಡ್‌ಫೀಲ್ಡಿಗೆ, ಅಂದರೆ ಚೆಂಡಿಗೆ ಮುಗಿಬೀಳುವ ನಡುವಿನ ಗುಂಪಿಗೆ ಹೋದದ್ದು ಮರುವರ್ಷ. ಅಷ್ಟು ಚುರುಕಿನ ಹುಡುಗನನ್ನೂ ಮೊದಲು ಆಟ ಪೂರ್ತಿ ಕಾಣುವ ಕಡೆ ನಿಲ್ಲಿಸಿದರು ನೋಡಿ.

ಫಾರ್ವರ್ಡಿನ ಸ್ಥಿತಿ ಉಲ್ಟಾ. ಗೋಲು ಬೆನ್ನ ಹಿಂದೆ. ಚೆಂಡಿನತ್ತ ಓಡಿ ಬಂದು, ಹಿಡಿದು, ತಿರುಗಬೇಕು. ಒಂದು ಕಡೆ ಓಡುವ ಹಾಗೆ ಮಾಡಿ ಥಟ್ಟಂತ ಇನ್ನೊಂದು ಕಡೆ ನುಗ್ಗುವ ಸಮಯಜ್ಞಾನ ಅಲ್ಲಿ ಬಿಟ್ಟರೆ ಬೇರೆಲ್ಲೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಕಷ್ಟ ಏನೆಂದರೆ ಚೆಂಡು ತಂದುಕೊಡಲು ಬೇರೆಯವರು ಬೇಕು. ಹನ್ನೊಂದು ವರ್ಷದ ಮಕ್ಕಳ ಕಿಕ್ ಎಷ್ಟು ದೂರ ಹೋದೀತು? ಸೋಲುತ್ತಿರುವ ತಂಡದ ಫುಲ್ ಫಾರ್ವರ್ಡ್ ಅಂದರೆ ಬಸ್ಸು ಬಾರದ ಸ್ಟಾಪಿನಲ್ಲಿ ನಿಂತವನ ಹಾಗೆ.

ಮಿಡ್‌ಫೀಲ್ಡಿನಲ್ಲಿ ಮುಖ ಎಲ್ಲ ಕಡೆಗೂ. ಸುತ್ತ ಕೈಕಾಲು, ನೆಲದಲ್ಲಿ ಚೆಂಡು, ಬಗ್ಗಿ ಎತ್ತುವಷ್ಟರಲ್ಲಿ ಯಾರೋ ಮೈಮೇಲೆ. ಚೆಂಡು ಜಾಸ್ತಿ ಸಿಗುವುದು ಇಲ್ಲೇ, ಅದಕ್ಕೇ ಅಪ್ಪ ಅಮ್ಮಂದಿರಿಗೆಲ್ಲ ಈ ಜಾಗವೇ ಬೇಕು. ಬಲವಾದ ಹುಡುಗನಾದರೆ ಇಲ್ಲಿ ಕಲಿಯದೆಯೂ ಗೆಲ್ಲಬಹುದು, ಸುಮ್ನೆ ನುಗ್ಗಿದರೆ ಸಾಕು. ಅದೇ ಅಪಾಯ.

ವಿಂಗ್, ಅಂದರೆ ಸೆಂಟರ್ ಸಾಲಿನ ಎರಡು ಅಂಚು, ಅದರ ಬಗ್ಗೆ ಒಂದೇ ಮಾತು. ಮಕ್ಕಳ ಪಂದ್ಯದಲ್ಲಿ ಹಲಸಿನ ಹಣ್ಣಿಗೆ ನೊಣ ಮುತ್ತಿದ ಹಾಗೆ ಎಲ್ಲರೂ ಚೆಂಡಿಗೆ ಮುತ್ತುತ್ತಾರೆ. ಆ ಗುಂಪಿಗೆ ಸೇರದೆ ಹೊರಗೆ ಕಾಯುವ ಸಂಯಮ ಕಲಿಸೋಕೆ ವಿಂಗೇ ಸರಿ.

ಎತ್ತರ ಅನ್ನೋ ಮೋಸ

ಈಗ ಆ ಅಪ್ಪನ ಮಾತಿಗೆ ಬರೋಣ. ಮಕ್ಕಳ ಗುಂಪು ಮಾಡುವುದು ಹುಟ್ಟಿದ ವರ್ಷ ನೋಡಿ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತಂಡ. ಅದರ ಮೇಲೆ ಒಬ್ಬ 11ಕ್ಕೇ ಜಿಗಿದು ಬೆಳೆಯುತ್ತಾನೆ, ಇನ್ನೊಬ್ಬ 16ಕ್ಕೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಅನ್ನುವ ಗಾದೆ ಇಲ್ಲಿ ಆಗಾಗ ಕೈಕೊಡುತ್ತೆ. 12ರಲ್ಲಿ ಎಲ್ಲರಿಗಿಂತ ಎತ್ತರ ಇದ್ದವನು 17ಕ್ಕೆ ಸಾಧಾರಣ ಎತ್ತರದವನಾಗಿ ಉಳಿಯಬಹುದು. ಅಷ್ಟು ವರ್ಷ ಅವನು ಬರೀ ತಲೆ ಮೇಲಿನ ಚೆಂಡು ಹಿಡಿಯುವುದನ್ನೇ ಕಲಿತಿದ್ದರೆ, ನೆಲದ ಚೆಂಡು ಎತ್ತಲು ಬಾರದ ಸಾಧಾರಣ ಎತ್ತರದ ಆಟಗಾರ ನಮ್ಮ ಕೈಯಲ್ಲಿ ಉಳಿಯುತ್ತಾನೆ. ಅವನಿಗೆ ಯಾವ ಜಾಗವೂ ಹೊಂದುವುದಿಲ್ಲ.

ಎತ್ತರ ಉಳಿದೇ ಉಳಿಯಿತು ಅಂದುಕೊಳ್ಳಿ. ಆಗಲೂ ಗೋಲಿನ ಮುಂದೆಯೇ ನಿಲ್ಲಬೇಕಾಗಿಲ್ಲ. ಕಾರ್ಲ್‌ಟನ್ ತಂಡದ ಪ್ಯಾಟ್ರಿಕ್ ಕ್ರಿಪ್ಸ್ ಸುಮಾರು 195 ಸೆಂಟಿಮೀಟರ್ ಎತ್ತರ. ಆಡುವುದು ಗುಂಪಿನ ನಟ್ಟನಡುವೆ. 2022 ಮತ್ತು 2024ರಲ್ಲಿ ಅವರಿಗೆ ಬ್ರೌನ್‌ಲೋ ಪದಕ ಬಂತು. ಅಂಪೈರ್‌ಗಳು ಮತ ಹಾಕಿ ಕೊಡುವ, ವರ್ಷದ ಅತ್ಯುತ್ತಮ ಆಟಗಾರನ ಪದಕ ಅದು. ಸಿಡ್ನಿಯ ಆಡಮ್ ಗುಡ್ಸ್ ಅದೇ ಪದಕವನ್ನು 2003ರಲ್ಲಿ ಹಂಚಿಕೊಂಡದ್ದು ಹೆಚ್ಚಾಗಿ ರಕ್‌ಮನ್ ಆಗಿ ಆಡಿ. 2006ರಲ್ಲಿ ಮತ್ತೆ ಗೆದ್ದದ್ದು ಮಿಡ್‌ಫೀಲ್ಡಿನಲ್ಲಿ. ಜೀಲಾಂಗ್‌ನ ಮಾರ್ಕ್ ಬ್ಲಿಕಾವ್ಸ್ ಫುಟ್ಟಿಗೆ ಬರುವ ಮುಂಚೆ ಸ್ಟೀಪಲ್‌ಚೇಸ್ ಓಟಗಾರ. ಆಮೇಲೆ ರಕ್, ವಿಂಗ್, ಡಿಫೆನ್ಸ್ ಎಲ್ಲ ಕಡೆ ಆಡಿ, ತಂಡದ ಅತ್ಯುತ್ತಮ ಆಟಗಾರ ಅಂತ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಅನ್ನಿಸಿಕೊಂಡರು. ಜೆರೆಮಿ ಹೋವ್ ಮೆಲ್ಬರ್ನ್ ತಂಡದಲ್ಲಿದ್ದಾಗ ಮುಂದೆ ಆಡುತ್ತಾ ಎದುರಾಳಿಯ ಹೆಗಲ ಮೇಲೆ ಹತ್ತಿ ಮಾರ್ಕ್ ಹಿಡಿಯುವುದಕ್ಕೆ ಹೆಸರಾಗಿದ್ದರು. ಕಾಲಿಂಗ್‌ವುಡ್‌ಗೆ ಹೋದ ಮೇಲೆ ಡಿಫೆನ್ಸಿನಲ್ಲಿ ನೆಲೆ ಕಂಡರು.

ರಕ್ ಜಾಗದ ಕಥೆಯೇ ಬೇರೆ, ಅವಸರ ಮಾಡಿದರೆ ಕೆಡುವುದು ಅಲ್ಲೇ ಜಾಸ್ತಿ. ಅಂಪೈರ್ ಚೆಂಡು ಮೇಲೆ ಹಾರಿಸಿದಾಗ ಜಿಗಿದು, ನಮ್ಮವರ ಕೈಗೆ ಬೀಳುವ ಹಾಗೆ ತಟ್ಟಬೇಕು. ಸೊಂಟ ಸೊಂಟಕ್ಕೆ, ಮಂಡಿ ಮಂಡಿಗೆ ಡಿಕ್ಕಿ. ಮ್ಯಾಕ್ಸ್ ಗಾನ್ ಸುಮಾರು 208 ಸೆಂಟಿಮೀಟರ್ ಎತ್ತರದವರು. ಮೆಲ್ಬರ್ನ್ ತಂಡ ಅವರನ್ನು ಆರಿಸಿದ್ದು 2009ರಲ್ಲಿ, ಮೊದಲ ಪಂದ್ಯ 2011ರಲ್ಲಿ, ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಯಾದ ಆಲ್ ಆಸ್ಟ್ರೇಲಿಯನ್ ತಂಡಕ್ಕೆ ಮೊದಲ ಸಲ ಬಂದದ್ದು 2016ರಲ್ಲಿ. ನಡುವೆ ಮಂಡಿಯ ದೊಡ್ಡ ಪೆಟ್ಟು ಬೇರೆ. 2021ರಲ್ಲಿ ಅವರ ನಾಯಕತ್ವದಲ್ಲೇ ತಂಡ ಕಪ್ ಗೆದ್ದಿತು. ವೃತ್ತಿಪರ ರಕ್‌ಮನ್‌ಗೇ ಇಷ್ಟು ವರ್ಷ ಬೇಕಾದರೆ, 12ರ ಹುಡುಗನಿಗೆ "ನೀನು ರಕ್" ಅಂತ ಮುದ್ರೆ ಒತ್ತುವ ಅವಸರ ನಮಗೇಕೆ?

ಶನಿವಾರ ಏನು ಮಾಡೋದು

ಅತಿ ಚಿಕ್ಕ ಮಕ್ಕಳಿಗೆ ಕ್ವಾರ್ಟರಿಗೊಂದು ಜಾಗ ಬದಲಿಸಿ, ಸಾಕು. ಹತ್ತು ದಾಟಿದವರಿಗೆ ಅದು ಹೊಂದುವುದಿಲ್ಲ. ಹಾಗೆ ಬೇಗ ಬೇಗ ಎತ್ತಂಗಡಿ ಮಾಡಿದರೆ ಯಾವ ಜಾಗದ ಗುಟ್ಟೂ ತಲೆಗೆ ಹೋಗುವುದಿಲ್ಲ. ನಾನು ಈಗ ಮಾಡುವುದು ಹೀಗೆ: ಮೂರ್ನಾಲ್ಕು ವಾರ ಒಂದು ಜಾಗ, ಆಮೇಲೆ ಅದಕ್ಕೆ ತದ್ವಿರುದ್ಧ ಜಾಗ. ಹಿಂದೆ ಇದ್ದವನು ಮುಂದಕ್ಕೆ. ಡಿಫೆಂಡರ್ ಆಗಿದ್ದವನಿಗೆ, ಫಾರ್ವರ್ಡ್ ಯಾವಾಗ ಓಡಿದರೆ ತನಗೆ ಕಷ್ಟವಾಗುತ್ತಿತ್ತು ಅಂತ ಗೊತ್ತಿರುತ್ತೆ. ಅದನ್ನೇ ಈಗ ತಾನು ಮಾಡುತ್ತಾನೆ.

ಪಂದ್ಯ ಮುಗಿದ ಮೇಲೆ ಎಷ್ಟು ಗೋಲು ಹೊಡೆದೆ ಅಂತ ಕೇಳುವುದನ್ನೂ ಬಿಟ್ಟೆ. ಚೆಂಡು ಸಿಕ್ಕಾಗ ಯಾರ್‍ಯಾರು ಕಂಡರು ಅಂತ ಕೇಳುತ್ತೇನೆ. ಮೊದಮೊದಲು "ಯಾರೂ ಕಾಣಲಿಲ್ಲ" ಅನ್ನುತ್ತಾರೆ. ಪ್ರಾಮಾಣಿಕ ಉತ್ತರ.

ಆ ಎತ್ತರದ ಹುಡುಗನನ್ನು ಹಾಫ್ ಬ್ಯಾಕಿಗೆ ತಂದೆವು. ಮೊದಲ ವಾರವೇ ನೆಲದ ಚೆಂಡನ್ನು ಎರಡು ಸಲ ಕೈಜಾರಿಸಿದ. ಆಮೇಲೆ ಗೋಲಿನ ಮುಂದೆ ಅಡ್ಡ ಒದ್ದು ಎದುರಾಳಿಗೆ ಗೋಲು ದಾನ ಮಾಡಿದ. ಅವನಪ್ಪ ಗೆರೆಯಾಚೆಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ನೀರಿನ ಬಾಟಲಿ ತುಂಬಿಸುವ ನೆಪದಲ್ಲಿ ಆಚೆ ಹೋದೆ. ಮೂರನೇ ವಾರ ಚೆಂಡು ಹಿಡಿದವನು ಒಂದು ಕ್ಷಣ ನಿಂತ. ಬಲಗಡೆ ಕೈಯೆತ್ತಿ ಕೂಗುತ್ತಿದ್ದವನನ್ನು ಬಿಟ್ಟು, ಎಡಗಡೆ ಸದ್ದಿಲ್ಲದೆ ಓಡುತ್ತಿದ್ದ ಪುಟ್ಟ ವಿಂಗರಿಗೆ ಒದ್ದ. ಕಿಕ್ ಗಿಡ್ಡವಾಯಿತು, ಎದುರಾಳಿಯೇ ಹಿಡಿದ. "ಛೇ" ಅಂದರು ಅವನಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದು ಪಕ್ಕ ಬಂದು ಕೇಳಿದರು: "ಆದ್ರೂ ಆ ಹುಡುಗ ಅಲ್ಲಿ ಓಡ್ತಿದ್ದಾನೆ ಅಂತ ಇವನಿಗೆ ಹೆಂಗೆ ಕಾಣಿಸ್ತು ಸರ್? ನನಗೇ ಕಾಣಿಸ್ಲಿಲ್ಲ."