ಪಿಟ್ಸ್‌ಬರ್ಗ್‌ನಿಂದ ಎದ್ದು ಬಂದ ಹೆಣ: ಜೋಂಬಿ ಸಿನಿಮಾ, ಗೇಮ್, ಮತ್ತೆ ಸಿನಿಮಾ

1998ರ ಹೊತ್ತಿಗೆ ಜಪಾನಿನ ಟಿವಿಯಲ್ಲಿ ಒಂದು ಜಾಹೀರಾತು ಬಂತು. ಬರೀ ಅರ್ಧ ನಿಮಿಷದ್ದು. ಒಬ್ಬ ಹುಡುಗ, ಒಬ್ಬ ಹುಡುಗಿ, ಅವರ ಸುತ್ತ ಮುತ್ತಿಕೊಳ್ಳುವ ಹೆಣಗಳು. ಮಾರಾಟಕ್ಕಿದ್ದದ್ದು 'ಬಯೋಹಜಾರ್ಡ್ 2' ಎಂಬ ವಿಡಿಯೋ ಗೇಮ್. ಆ ಜಾಹೀರಾತನ್ನು ನಿರ್ದೇಶಿಸಿದವರು ಅಮೆರಿಕದ ಸಿನಿಮಾ ನಿರ್ದೇಶಕ ಜಾರ್ಜ್ ರೊಮೆರೊ. ಇವತ್ತು ನಾವು ಜೋಂಬಿ ಅಂದ ಕೂಡಲೇ ಕಣ್ಣಮುಂದೆ ಬರುವ ಚಿತ್ರವನ್ನು ಕೊಟ್ಟ ಮನುಷ್ಯ, ತನ್ನ ಐಡಿಯಾದಿಂದಲೇ ಹುಟ್ಟಿದ ಗೇಮ್‌ಗೆ ಜಾಹೀರಾತು ಮಾಡಿಕೊಡುತ್ತಿದ್ದರು.

ಕೆಲಸ ಚೆನ್ನಾಗಿತ್ತು. ಹಾಗಾಗಿ ಆ ಗೇಮ್‌ನ ಸಿನಿಮಾಕ್ಕೂ ಅವರನ್ನೇ ಕರೆದರು. ರೊಮೆರೊ ಸ್ಕ್ರಿಪ್ಟ್ ಬರೆದುಕೊಟ್ಟರು. ಅದನ್ನು ಬೇಡ ಅಂದರು. ಸ್ಕ್ರಿಪ್ಟ್ ಚೆನ್ನಾಗಿಲ್ಲ ಅಂತ ಗೇಮ್ ಕಂಪನಿಯ ಕಡೆಯವರೇ ಬಹಿರಂಗವಾಗಿ ಹೇಳಿದರು.

ಜೋಂಬಿ ಗೇಮ್‌ಗಳು ಸಿನಿಮಾ ಆದಾಗ ಯಾಕೆ ಸಪ್ಪೆಯಾಗುತ್ತವೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದೇ ಕತೆ.

ಸ್ವಲ್ಪ ಹಿಂದೆ ಹೋಗೋಣ. ಜೋಂಬಿ ಅನ್ನುವ ಮಾತು ಹೈಟಿಯದು. ಅಲ್ಲಿನ ನಂಬಿಕೆಯಲ್ಲಿ ಜೋಂಬಿ ಯಾರನ್ನೂ ತಿನ್ನುವುದಿಲ್ಲ. ಮಂತ್ರವಾದಿ ಎಬ್ಬಿಸಿ, ಹೊಲದಲ್ಲಿ ದುಡಿಸಿಕೊಳ್ಳುವ ಹೆಣ ಅದು. ಗುಲಾಮಗಿರಿ ಕಂಡ ಜನರ ಭಯ: ಸತ್ತ ಮೇಲೂ ಜೀತ ತಪ್ಪಲಿಲ್ಲವಲ್ಲ ಅನ್ನುವ ಭಯ. 1915ರಿಂದ 1934ರವರೆಗೆ ಹೈಟಿ ಅಮೆರಿಕದ ಸೇನೆಯ ಹಿಡಿತದಲ್ಲಿತ್ತು. ಆಗಲೇ ಈ ಕತೆಗಳು ಅಮೆರಿಕಕ್ಕೆ ಬಂದವು, 1932ರಲ್ಲಿ 'ವೈಟ್ ಜೋಂಬಿ' ಸಿನಿಮಾ ಬಂತು. ನಮ್ಮ ಬೇತಾಳವೂ ಹೆಣದೊಳಗೆ ಸೇರಿಕೊಳ್ಳುತ್ತದೆ ನಿಜ. ಆದರೆ ಅದಕ್ಕೆ ಕತೆ ಹೇಳುವ ಬುದ್ಧಿ ಇದೆ. ಜೋಂಬಿಗೆ ಏನೂ ಇಲ್ಲ, ಅದೇ ಅದರ ವಿಶೇಷ.

ರೊಮೆರೊ 1968ರಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದಾಗ ಮಂತ್ರವಾದಿಯನ್ನು ಕಿತ್ತು ಹಾಕಿದರು. ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರದ ಒಂದು ಹಳೇ ತೋಟದ ಮನೆ, ಸುಮಾರು 1,14,000 ಡಾಲರ್ ಬಜೆಟ್, ರಕ್ತದ ಬದಲು ಚಾಕೊಲೇಟ್ ಸಿರಪ್. ಕಪ್ಪು ಬಿಳುಪು ಸಿನಿಮಾ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ತಮಾಷೆ ಅಂದರೆ ಆ ಸಿನಿಮಾದಲ್ಲಿ ಜೋಂಬಿ ಅನ್ನುವ ಪದವೇ ಬರುವುದಿಲ್ಲ.

ಇನ್ನೊಂದು ಎಡವಟ್ಟೂ ಆಯಿತು. ಬಿಡುಗಡೆಗೆ ಮುಂಚೆ ಸಿನಿಮಾದ ಹೆಸರು ಬದಲಾಯಿತು. ಹೊಸ ಟೈಟಲ್ ಕಾರ್ಡ್ ಹಾಕುವಾಗ ವಿತರಕರು ಕಾಪಿರೈಟ್ ಸಾಲನ್ನೇ ಬಿಟ್ಟುಬಿಟ್ಟರು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಸಿನಿಮಾ ಎಲ್ಲರ ಸ್ವತ್ತಾಯಿತು. ಯಾರು ಬೇಕಾದರೂ ಪ್ರಿಂಟ್ ಹಾಕಬಹುದು, ಟಿವಿಯಲ್ಲಿ ತೋರಿಸಬಹುದು. ರೊಮೆರೊಗೆ ಅದರಿಂದ ನಷ್ಟವಾಯಿತು. ಆದರೆ ಸಿನಿಮಾ ಊರೂರು ಸುತ್ತಿತು. ಜೋಂಬಿ ಇಷ್ಟು ಹರಡಿದ್ದಕ್ಕೆ ಆ ಕಾಣೆಯಾದ ಒಂದು ಸಾಲೂ ಕಾರಣ ಅಂತ ನನಗನ್ನಿಸುತ್ತದೆ.

ಆ ಸಿನಿಮಾದಲ್ಲಿ ನಿಜವಾಗಿ ಏನಿದೆ? ಹೆಣಗಳು ನಿಧಾನ. ತಳ್ಳಿದರೆ ಬೀಳುತ್ತವೆ. ಒಳಗೆ ಸಿಕ್ಕಿಕೊಂಡವರ ಜಗಳವೇ ಮುಕ್ಕಾಲು ಸಿನಿಮಾ: ನೆಲಮಾಳಿಗೆಗೆ ಹೋಗೋದಾ, ಮೇಲೇ ಇರೋದಾ? ಮೊಳೆ ಎಷ್ಟಿದೆ, ಹಲಗೆ ಎಷ್ಟಿದೆ, ಬಂದೂಕಿಗೆ ಗುಂಡು ಎಷ್ಟಿದೆ? 1978ರ 'ಡಾನ್ ಆಫ್ ದಿ ಡೆಡ್'ನಲ್ಲೂ ಇದೇ ಲೆಕ್ಕ, ಈ ಸಲ ಒಂದು ಶಾಪಿಂಗ್ ಮಾಲ್‌ನಲ್ಲಿ. ಮನ್ರೋವಿಲ್ ಎಂಬ ಊರಿನ ನಿಜವಾದ ಮಾಲ್ ಅದು. ರಾತ್ರಿ ಅಂಗಡಿಗಳು ಮುಚ್ಚಿದ ಮೇಲೆ ಶೂಟಿಂಗ್, ಬೆಳಗ್ಗೆ ಗಿರಾಕಿಗಳು ಬರುವ ಹೊತ್ತಿಗೆ ಜಾಗ ಖಾಲಿ. ಭಯ ಇರುವುದು ಹೆಣದಲ್ಲಲ್ಲ, ಮುಗಿದುಹೋಗುತ್ತಿರುವ ಸಾಮಾನಿನಲ್ಲಿ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಸಿನಿಮಾದವರಲ್ಲ. ಜಪಾನಿನ ಕ್ಯಾಪ್‌ಕಾಮ್ ಕಂಪನಿಯವರು.

1996ರ ಮಾರ್ಚ್‌ನಲ್ಲಿ ಶಿಂಜಿ ಮಿಕಾಮಿ ನಿರ್ದೇಶನದ 'ಬಯೋಹಜಾರ್ಡ್' ಪ್ಲೇಸ್ಟೇಷನ್‌ಗೆ ಬಂತು. ಅಮೆರಿಕದಲ್ಲಿ ಆ ಹೆಸರು ಬೇರೆಯವರದಾಗಿದ್ದರಿಂದ ಅದು 'ರೆಸಿಡೆಂಟ್ ಈವಿಲ್' ಆಯಿತು. ಮೊದಲು ಅಂದುಕೊಂಡದ್ದು ಕ್ಯಾಪ್‌ಕಾಮ್‌ನದೇ 1989ರ 'ಸ್ವೀಟ್ ಹೋಮ್' ಗೇಮನ್ನು ಹೊಸದಾಗಿ ಮಾಡುವುದು. ಆ 'ಸ್ವೀಟ್ ಹೋಮ್' ಕೂಡ ಒಂದು ಜಪಾನಿ ಸಿನಿಮಾದ ಜೊತೆಗೇ ಬಂದ ಗೇಮ್. ಅಂದರೆ ಈ ವಂಶದ ಬುಡದಲ್ಲೇ ಸಿನಿಮಾ ಇದೆ.

ನಾನು ಅದನ್ನು ಮೊದಲು ಆಡಿದ್ದು ಗೆಳೆಯನ ಮನೆಯಲ್ಲಿ, ಅವನ ಅಣ್ಣ ಹೊರಗೆ ಹೋದಾಗ. ಜೋಂಬಿ ಕಂಡರೆ ಸುಡೋದೇ ಅಂತ ಇದ್ದಬದ್ದ ಗುಂಡೆಲ್ಲ ಖಾಲಿ ಮಾಡಿದೆ. ಅರ್ಧ ಗಂಟೆಯಲ್ಲಿ ಕೈಯಲ್ಲಿ ಬರೀ ಚಾಕು. ಗೆಳೆಯ ನಕ್ಕ. "ಎಲ್ಲದಕ್ಕೂ ಹೊಡೀಬಾರ್ದು ಕಣೋ, ಪಕ್ಕದಲ್ಲಿ ನುಗ್ಗಿ ಓಡಬೇಕು" ಅಂದ. ಆ ಒಂದು ಮಾತಿನಲ್ಲಿ ಇಡೀ ಗೇಮ್ ಇದೆ. ಕ್ರಿಸ್ ಅನ್ನುವ ಪಾತ್ರ ಹೊತ್ತುಕೊಳ್ಳಬಲ್ಲದ್ದು ಆರೇ ವಸ್ತು, ಜಿಲ್ ಆದರೆ ಎಂಟು. ಗಿಡಮೂಲಿಕೆ ಇಟ್ಟುಕೊಂಡರೆ ಬೀಗದ ಕೈಗೆ ಜಾಗವಿಲ್ಲ. ಆಟವನ್ನು ಸೇವ್ ಮಾಡಲು ಟೈಪ್‌ರೈಟರ್ ಬೇಕು, ಅದಕ್ಕೆ ರಿಬ್ಬನ್ ಬೇಕು. ರಿಬ್ಬನ್ ಕೂಡ ಲೆಕ್ಕದ್ದು!

ಬಡತನವೂ ಕೈ ಹಿಡಿಯಿತು. ಆಗಿನ ಪ್ಲೇಸ್ಟೇಷನ್‌ಗೆ ಇಡೀ ಬಂಗಲೆಯನ್ನು ಅಷ್ಟು ಚೆಂದವಾಗಿ 3ಡಿಯಲ್ಲಿ ತೋರಿಸುವ ತಾಕತ್ತು ಇರಲಿಲ್ಲ. ಹಾಗಾಗಿ ಹಿನ್ನೆಲೆಯನ್ನು ಮೊದಲೇ ಚಿತ್ರ ಮಾಡಿಟ್ಟು, ಕ್ಯಾಮೆರಾವನ್ನು ಒಂದೊಂದು ಮೂಲೆಯಲ್ಲಿ ನಿಲ್ಲಿಸಿದರು. ತಿರುವಿನ ಆಚೆ ಏನಿದೆ ಕಾಣುವುದಿಲ್ಲ, ಕಾಲೆಳೆಯುವ ಸದ್ದು ಮಾತ್ರ ಕೇಳುತ್ತದೆ. ಮುಂದಿನ ಕೋಣೆ ಸಿಡಿಯಿಂದ ಲೋಡ್ ಆಗುವಷ್ಟು ಹೊತ್ತು ಪರದೆಯಲ್ಲಿ ಒಂದು ಬಾಗಿಲು ಮೆಲ್ಲಗೆ ತೆರೆಯುತ್ತದೆ. ಕಾಯಿಸುವುದನ್ನೇ ಹೆದರಿಕೆ ಮಾಡಿದರು. ಸಿನಿಮಾದವರು ದುಡ್ಡು ಸುರಿದರೂ ಆ ಬಾಗಿಲಿನಂಥದ್ದನ್ನು ಮಾಡಲಾಗಲಿಲ್ಲ.

ಅದೇ ಸುಮಾರಿಗೆ ಸೆಗಾ ಕಂಪನಿ 'ದಿ ಹೌಸ್ ಆಫ್ ದಿ ಡೆಡ್' ಎಂಬ ಆರ್ಕೇಡ್ ಯಂತ್ರ ತಂದಿತು. ಪ್ಲಾಸ್ಟಿಕ್ ಬಂದೂಕು ಹಿಡಿದು ಪರದೆಗೆ ಗುರಿಯಿಟ್ಟು ಢಮ್ ಢಮ್. ಮಾಲ್‌ಗಳ ಗೇಮ್ ಜೋನ್‌ನಲ್ಲಿ ನೋಡಿರುತ್ತೀರಿ. ತೊಂಬತ್ತರ ದಶಕದಲ್ಲಿ ಜೋಂಬಿ ಸಿನಿಮಾಗಳು ಹೆಚ್ಚುಕಡಿಮೆ ಸತ್ತೇ ಹೋಗಿದ್ದವು. ಮತ್ತೆ ಎಬ್ಬಿಸಿದ್ದು ಈ ಎರಡು ಗೇಮ್‌ಗಳು. ರೊಮೆರೊ ಅವರೇ ಮುಂದೆ ಸಂದರ್ಶನಗಳಲ್ಲಿ ಇದನ್ನು ಒಪ್ಪಿಕೊಂಡರು.

ಇನ್ನು 2002. ರೊಮೆರೊ ಬದಲು ಬಂದವರು ಪಾಲ್ ಡಬ್ಲ್ಯು. ಎಸ್. ಆಂಡರ್ಸನ್. 1993ರ 'ಸೂಪರ್ ಮಾರಿಯೊ ಬ್ರದರ್ಸ್' ಮಕಾಡೆ ಮಲಗಿದ ಮೇಲೆ, ಗೇಮ್‌ನಿಂದಲೂ ದುಡ್ಡು ಮಾಡುವ ಸಿನಿಮಾ ತೆಗೆಯಬಹುದು ಅಂತ 1995ರ 'ಮಾರ್ಟಲ್ ಕೊಂಬ್ಯಾಟ್'ನಲ್ಲಿ ತೋರಿಸಿದ್ದವರು. ಅವರ 'ರೆಸಿಡೆಂಟ್ ಈವಿಲ್'ನಲ್ಲಿ ಕ್ರಿಸ್ ಇಲ್ಲ, ಜಿಲ್ ಇಲ್ಲ. ಗೇಮ್‌ನಲ್ಲಿ ಎಲ್ಲೂ ಇಲ್ಲದ ಆಲಿಸ್ ಇದ್ದಾಳೆ, ಆ ಪಾತ್ರದಲ್ಲಿ ನಟಿ ಮಿಲ್ಲಾ ಯೋವೊವಿಚ್. ಲೇಸರ್ ಕಿರಣ ಮನುಷ್ಯರನ್ನು ತುಂಡುಮಾಡುವ ಕಾರಿಡಾರ್ ದೃಶ್ಯ ಈಗಲೂ ಮೈ ಜುಮ್ ಅನ್ನಿಸುತ್ತದೆ. ಅಂಥದ್ದೇ ಲೇಸರ್ ಕಾರಿಡಾರ್ 2005ರ ನಾಲ್ಕನೇ ಗೇಮ್‌ನಲ್ಲಿ ಬಂತು! ಸಾಲ ಕೊಟ್ಟವರು ಬಡ್ಡಿ ವಸೂಲಿ ಮಾಡಿಕೊಂಡ ಹಾಗೆ.

ಗೇಮ್ ಅಭಿಮಾನಿಗಳು ಬೈದರು. ಸಿನಿಮಾ ಮಾತ್ರ ಓಡಿತು. 2016ರವರೆಗೆ ಆರು ಭಾಗ, ಒಟ್ಟು ಗಳಿಕೆ 120 ಕೋಟಿ ಡಾಲರ್‌ಗೂ ಮೇಲೆ. ನಾನು ಆರನ್ನೂ ನೋಡಿದ್ದೇನೆ, ಕೆಲವನ್ನು ಎರಡೆರಡು ಸಲ. ಆಕ್ಷನ್ ಸಿನಿಮಾ ಅಂತ ನೋಡಿದರೆ ಮಜಾ ಇವೆ. ಆದರೆ ಆಲಿಸ್ ಕೈಯಲ್ಲಿ ಗುಂಡು ಮುಗಿಯುವುದೇ ಇಲ್ಲವಲ್ಲ. ಎರಡು ಕೈಯಲ್ಲೂ ಬಂದೂಕು, ಗೋಡೆ ಮೇಲೆ ಓಟ. ಲೆಕ್ಕ ಇಲ್ಲದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು?

ಅತ್ತ ಜರ್ಮನ್ ನಿರ್ದೇಶಕ ಉವೆ ಬೋಲ್ ಬಗ್ಗೆ ಜಾಸ್ತಿ ಬರೆಯುವ ಅಗತ್ಯವಿಲ್ಲ. 2003ರ ಅವರ 'ಹೌಸ್ ಆಫ್ ದಿ ಡೆಡ್'ನಲ್ಲಿ ದೃಶ್ಯಗಳ ನಡುವೆ ಗೇಮ್‌ನ ತುಣುಕುಗಳನ್ನೇ ಅಂಟಿಸಿದ್ದಾರೆ. ಸಿನಿಮಾ ಹಾಳಾದರೂ ಅವರಿಗೆ ಮತ್ತೆ ಮತ್ತೆ ದುಡ್ಡು ಸಿಗುತ್ತಿತ್ತು, ಏಕೆಂದರೆ ಆಗ ಜರ್ಮನಿಯಲ್ಲಿ ಸಿನಿಮಾಕ್ಕೆ ಹಾಕಿದ ಹಣಕ್ಕೆ ತೆರಿಗೆ ವಿನಾಯಿತಿ ಇತ್ತು. ಗೇಮ್ ಸಿನಿಮಾಗಳಿಗೆ ಕೆಟ್ಟ ಹೆಸರು ಬರುವುದರಲ್ಲಿ ಒಂದು ತೆರಿಗೆ ಕಾನೂನಿನ ಕೈಯೂ ಇದೆ.

ಹಾಗಾದರೆ ಗೇಮನ್ನು ಸರಿಯಾಗಿ ಸಿನಿಮಾಕ್ಕೆ ತಂದವರು ಯಾರು? ಅದರ ಹೆಸರು ಬಳಸದೇ ಇದ್ದವರು. 1999ರಲ್ಲಿ ಬ್ರಿಟನ್ನಿನ 'ಸ್ಪೇಸ್ಡ್' ಎಂಬ ಟಿವಿ ಕಾಮಿಡಿಯ ಒಂದು ಕಂತಿನಲ್ಲಿ ನಟ ಸೈಮನ್ ಪೆಗ್ ಪಾತ್ರ ರಾತ್ರಿಯಿಡೀ 'ರೆಸಿಡೆಂಟ್ ಈವಿಲ್ 2' ಆಡಿ, ಕಂಡವರೆಲ್ಲ ಜೋಂಬಿ ಅಂದುಕೊಳ್ಳುತ್ತದೆ. ಆ ಕಂತು ಮಾಡುವಾಗಲೇ ಪೆಗ್ ಮತ್ತು ನಿರ್ದೇಶಕ ಎಡ್ಗರ್ ರೈಟ್‌ಗೆ ಜೋಂಬಿ ಸಿನಿಮಾ ಮಾಡುವ ಹುಚ್ಚು ಹತ್ತಿತು. 2004ರಲ್ಲಿ 'ಶಾನ್ ಆಫ್ ದಿ ಡೆಡ್' ಬಂತು. ಅದು ನಗಿಸುತ್ತದೆ, ಆದರೆ ಕೊನೆಗೆ ಪಬ್‌ನೊಳಗೆ ಸಿಕ್ಕಿಕೊಂಡು ಗುಂಡು ಎಣಿಸುವ ಹೊತ್ತಿಗೆ ನಗು ನಿಂತುಹೋಗಿರುತ್ತದೆ. ಅದಕ್ಕೂ ಮುಂಚಿನ '28 ಡೇಸ್ ಲೇಟರ್' ಬರೆದ ಅಲೆಕ್ಸ್ ಗಾರ್ಲೆಂಡ್ ಕೂಡ 'ರೆಸಿಡೆಂಟ್ ಈವಿಲ್' ಗೇಮ್‌ನ ಋಣ ಹೇಳಿಕೊಂಡಿದ್ದಾರೆ. ಅಲ್ಲಿ ಸೋಂಕು ತಗಲಿದವರು ಓಡುತ್ತಾರೆ. ಓಡುವುದಾ, ನಡೆಯುವುದಾ ಅನ್ನುವ ಜಗಳದಲ್ಲಿ ನಾನು ನಡೆಯುವವರ ಕಡೆ. ಓಡಿ ಬಂದರೆ ಗಾಬರಿ ಆಗುತ್ತದೆ, ಅಷ್ಟೇ. ನಡೆದು ಬಂದರೆ ಯೋಚನೆ ಮಾಡಲು ಟೈಮ್ ಸಿಗುತ್ತದೆ, ಭಯ ಹುಟ್ಟುವುದು ಆಗಲೇ. ಆದರೂ ಆ ಸಿನಿಮಾದ ಖಾಲಿ ಲಂಡನ್ ಮುಂದೆ ನನ್ನ ವಾದ ಸ್ವಲ್ಪ ಸೋಲುತ್ತದೆ.

'ಗೇಮ್‌ನಲ್ಲಿ ಇದ್ದ ಹಾಗೇ ತೆಗೆಯಬೇಕಿತ್ತು' ಅನ್ನುವುದು ಅಭಿಮಾನಿಗಳ ಹಳೇ ತಕರಾರು. 2021ರಲ್ಲಿ ಅದನ್ನೂ ಮಾಡಿ ನೋಡಿದರು. 'ರೆಸಿಡೆಂಟ್ ಈವಿಲ್: ವೆಲ್ಕಮ್ ಟು ರಕೂನ್ ಸಿಟಿ' ಸಿನಿಮಾದಲ್ಲಿ ಬಂಗಲೆ ಇದೆ, ಪೊಲೀಸ್ ಠಾಣೆ ಇದೆ, ಕ್ರಿಸ್, ಜಿಲ್, ಲಿಯಾನ್, ಕ್ಲೇರ್ ಎಲ್ಲರೂ ಇದ್ದಾರೆ. ಎರಡು ಗೇಮ್‌ಗಳ ಕತೆಯನ್ನು ಒಂದೇ ರಾತ್ರಿಗೆ ತುರುಕಿದ್ದಾರೆ. ಮೆಟ್ಟಿಲು, ಕಂಬ ಎಲ್ಲ ತದ್ರೂಪ. ನೋಡುತ್ತಾ 'ಅರೆ, ಅದೇ ಹಾಲ್!' ಅಂತ ಖುಷಿಪಟ್ಟೆ. ಹತ್ತು ನಿಮಿಷ ಆದಮೇಲೆ ಆ ಖುಷಿ ಇಳಿಯಿತು. ಬಂಗಲೆ ನೋಡೋದಕ್ಕೆ ಅಂತ ಯಾರೂ ಆ ಗೇಮ್ ಆಡಿರಲಿಲ್ಲ.

ರೊಮೆರೊ ಇನ್ನೊಂದು ಸಲ ಈ ಕತೆಯೊಳಗೆ ಬರುತ್ತಾರೆ. 2004ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಗೇಮ್ ಐಡಿಯಾಗಳನ್ನು ಅವರ ಮುಂದಿಟ್ಟರು, ಅವರು ಒಂದನ್ನು ಆರಿಸಬೇಕು. ನೀಲ್ ಡ್ರಕ್‌ಮನ್ ಎಂಬ ಹುಡುಗ ಹೇಳಿದ್ದು ಜೋಂಬಿ ಲೋಕದಲ್ಲಿ ಒಬ್ಬ ನಡುವಯಸ್ಸಿನ ಗಂಡಸು ಒಂದು ಹುಡುಗಿಯನ್ನು ಕಾಪಾಡಿಕೊಂಡು ಹೋಗುವ ಕತೆ. ರೊಮೆರೊ ಬೇರೆಯವರ ಐಡಿಯಾ ಆರಿಸಿದರು. ಅವರ ಸ್ಕ್ರಿಪ್ಟನ್ನು ಗೇಮ್‌ನವರು ಬಿಟ್ಟರು, ಈ ಗೇಮನ್ನು ಅವರು ಬಿಟ್ಟರು, ಲೆಕ್ಕ ಚುಕ್ತಾ.

ಆ ಐಡಿಯಾವೇ ಬೆಳೆದು 2013ರಲ್ಲಿ 'ದಿ ಲಾಸ್ಟ್ ಆಫ್ ಅಸ್' ಗೇಮ್ ಆಯಿತು. ಇರುವೆಗಳ ಮೈಯೊಳಗೆ ಹೊಕ್ಕು ಅವನ್ನು ಕುಣಿಸುವ ಕಾರ್ಡಿಸೆಪ್ಸ್ ಶಿಲೀಂಧ್ರ ಅಲ್ಲಿ ಮನುಷ್ಯರಿಗೆ ಹತ್ತುತ್ತದೆ. 2023ರ ಜನವರಿಯಲ್ಲಿ ಅಮೆರಿಕದ ಟಿವಿ ವಾಹಿನಿ ಎಚ್‌ಬಿಒ ಅದನ್ನು ಸರಣಿ ಮಾಡಿತು, ಡ್ರಕ್‌ಮನ್ ಜೊತೆ ಬರಹಗಾರ ಕ್ರೇಗ್ ಮೇಜಿನ್ ಸೇರಿ. ಎಲ್ಲ ಕಡೆಯೂ ಮೂಲಕ್ಕೇ ಅಂಟಿಕೊಂಡಿರಲಿಲ್ಲ. ಸೋಂಕು ಶುರುವಾಗುವ ವರ್ಷವನ್ನು 2013ರಿಂದ 2003ಕ್ಕೆ ಸರಿಸಿದರು. ಗಾಳಿಯಲ್ಲಿ ಹರಡುವ ಬೀಜಕಣಗಳನ್ನು ಮೊದಲ ಸೀಸನ್‌ನಲ್ಲಿ ಕೈಬಿಟ್ಟರು.

ದೊಡ್ಡ ಬದಲಾವಣೆ ಮೂರನೇ ಕಂತಿನಲ್ಲಿ. ಗೇಮ್‌ನಲ್ಲಿ ಬಿಲ್ ಅಂತ ಒಬ್ಬ ಸಿಡುಕ ಇದ್ದಾನೆ. ಅವನ ಸಂಗಾತಿ ಫ್ರಾಂಕ್ ಆಗಲೇ ನೇಣು ಹಾಕಿಕೊಂಡಿರುತ್ತಾನೆ, ಬೇಸರದ ಒಂದು ಚೀಟಿ ಬರೆದಿಟ್ಟು. ಸರಣಿಯಲ್ಲಿ ಆ ಇಬ್ಬರಿಗೂ ಇಡೀ ಒಂದು ಬಾಳು ಸಿಗುತ್ತದೆ. ಜೋಂಬಿಗಳು ಬೇಲಿಯ ಆಚೆ ಎಲ್ಲೋ ಇವೆ, ಹೆಚ್ಚು ಕಾಣುವುದೂ ಇಲ್ಲ. ಗೇಮ್ ಪ್ರಿಯರಲ್ಲಿ ಕೆಲವರು 'ಆಕ್ಷನ್ ಎಲ್ಲಿ' ಅಂತ ಗೊಣಗಿದರು. ನನಗೆ ಮಾತ್ರ ಆರು ವಸ್ತು ಹೊತ್ತ ಕ್ರಿಸ್ ನೆನಪಾದ. ಈ ಬಿಲ್ ಕೂಡ ಎಲ್ಲವನ್ನೂ ಎಣಿಸಿಡುವವನು: ಡಬ್ಬಿ, ಪೆಟ್ರೋಲು, ಗುಂಡು, ಬಂದೂಕು. ಒಂದು ದಿನ ಫ್ರಾಂಕ್ ಅವನಿಗೆ ಹೇಳದೆ ಅದರಲ್ಲೊಂದು ಬಂದೂಕು ಕೊಟ್ಟು, ಬದಲಿಗೆ ಒಂದು ಪೊಟ್ಟಣ ಬೀಜ ತೆಗೆದುಕೊಂಡಿರುತ್ತಾನೆ. ಹಣ್ಣು ಬಿಟ್ಟಾಗ ಗಿಡದ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಬಂದೂಕು ಹೋಯಿತಲ್ಲ ಅಂತ ಬಿಲ್ ಸಿಟ್ಟಾಗುವುದಿಲ್ಲ. ಸ್ಟ್ರಾಬೆರಿ ಬಾಯಿಗೆ ಹಾಕಿಕೊಂಡು ಚಿಕ್ಕ ಹುಡುಗನ ಹಾಗೆ ಕಿಸಕ್ಕನೆ ನಗುತ್ತಾನೆ.