ಆ ಗೆರೆಯಲ್ಲಿ ನಾಯಿಯೇ ಇಲ್ಲ

ನಾಯಿಗಳಲ್ಲಿ ಉರಿಯೂತದ ಸಂಕೇತ ಒಯ್ಯುವ ಇಂಟರ್‌ಲ್ಯೂಕಿನ್-6 ಪ್ರೋಟೀನನ್ನು ಎಲೈಸಾ ವಿಧಾನದಲ್ಲಿ (ಪ್ರತಿಕಾಯಗಳಿಂದ ಪ್ರೋಟೀನನ್ನು ಹಿಡಿದು, ಬಣ್ಣದಿಂದ ಅದರ ಪ್ರಮಾಣ ತಿಳಿಯುವ ಪರೀಕ್ಷೆ) ಅಳೆದು, ಫಲಿತಾಂಶ ಹಿಡಿದು ಸಲಹೆಗೆ ಬರುವ ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲು ತೋರಿಸುವುದು ಸ್ಟ್ಯಾಂಡರ್ಡ್ ಕರ್ವನ್ನು, ಅಂದರೆ ಗೊತ್ತಿರುವ ಪ್ರಮಾಣಗಳಿಗೆ ಬಂದ ಬಣ್ಣದ ಓದಿಕೆಗಳಿಂದ ಎಳೆದ ಗೆರೆಯನ್ನು. "ಸರ್, ಆರ್-ಸ್ಕ್ವೇರ್ 0.99 ಬಂದಿದೆ" (ಬಿಂದುಗಳು ಗೆರೆಗೆ ಎಷ್ಟು ಹೊಂದಿವೆ ಎಂಬ ಅಳತೆ; 1 ಎಂದರೆ ಪೂರ್ತಿ ಹೊಂದಿಕೆ) ಎನ್ನುವಾಗ ಅವರ ಮುಖದಲ್ಲಿರುವ ನೆಮ್ಮದಿಯನ್ನು ಕೆಡಿಸುವುದು ನನಗೂ ಇಷ್ಟದ ಕೆಲಸವಲ್ಲ. ಆದರೆ ಆ ಗೆರೆ ಹುಟ್ಟಿದ್ದು ಕಿಟ್ಟಿನೊಳಗಿನ ಶುದ್ಧ ಪ್ರೋಟೀನನ್ನು ಬಫರ್ ದ್ರಾವಣದಲ್ಲಿ ಕರಗಿಸಿದ್ದರಿಂದ; ನಾಯಿಯ ಒಂದು ಹನಿ ರಕ್ತವೂ ಅದರಲ್ಲಿ ಸೇರಿಲ್ಲ. ನಾಯಿಯ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಇರುವ ವೆಲ್‌ಗಳಲ್ಲಿ, ಅಂದರೆ ತಟ್ಟೆಯ ಗುಳಿಗಳಲ್ಲಿ, ಪರೀಕ್ಷೆ ಪೂರ್ತಿ ವಿಫಲವಾಗಿದ್ದರೂ ಗೆರೆ ಅಷ್ಟೇ ಅಂದವಾಗಿ ಬರುತ್ತದೆ.

ಒಬ್ಬ ವಿದ್ಯಾರ್ಥಿನಿ ಗರ್ಭಕೋಶದಲ್ಲಿ ಕೀವು ತುಂಬಿದ್ದ ಹೆಣ್ಣುನಾಯಿಗಳ ಸೀರಂ ಅನ್ನು, ವಿಭಾಗದ ಫ್ರಿಜ್ಜಿನಲ್ಲಿ ಉಳಿದಿದ್ದ ಮನುಷ್ಯರ ಕಿಟ್ಟಿನಲ್ಲಿ ಪರೀಕ್ಷಿಸಿದ್ದರು. ಕೊನೆಗೆ ಕ್ರಿಯೆ ನಿಲ್ಲಿಸುವ ಆಮ್ಲ ಬಿದ್ದೊಡನೆ ಸ್ಟ್ಯಾಂಡರ್ಡ್ ಸಾಲಿನ ನೀಲಿ ಹಳದಿಗೆ ತಿರುಗಿತ್ತು, ನಾಯಿಗಳ ಸಾಲುಗಳು ಬಣ್ಣವಿಲ್ಲದೆ ಉಳಿದಿದ್ದವು. ಪ್ರಬಂಧದ ಕರಡಿನಲ್ಲಿ ಆ ಕಾಯಿಲೆಯ ನಾಯಿಗಳ ಇಂಟರ್‌ಲ್ಯೂಕಿನ್-6 "ಸೊನ್ನೆ" ಎಂದಾಗಿತ್ತು. ಎರಡು ಪ್ರತಿಕಾಯಗಳ ನಡುವೆ ಪ್ರೋಟೀನನ್ನು ಹಿಡಿಯುವ ಈ ಸ್ಯಾಂಡ್‌ವಿಚ್ ಎಲೈಸಾದಲ್ಲಿ ಹಿಡಿಯುವ ಪ್ರತಿಕಾಯ, ತೋರಿಸುವ ಪ್ರತಿಕಾಯ ಎರಡೂ ನಾಯಿಯ ಪ್ರೋಟೀನನ್ನೇ ಗುರುತಿಸಬೇಕು. ಮನುಷ್ಯನ ಮತ್ತು ನಾಯಿಯ ಇಂಟರ್‌ಲ್ಯೂಕಿನ್-6ರ ರಚನೆಯಲ್ಲಿ ಗಣನೀಯ ವ್ಯತ್ಯಾಸವಿರುವುದರಿಂದ ಎರಡರಲ್ಲಿ ಒಂದು ಕೈಕೊಟ್ಟರೂ ಸಾಕು. ಇದರ ತದ್ವಿರುದ್ಧವೂ ಉಂಟು: ಸೀರಂನಲ್ಲಿರುವ ಬೇರೆ ಪ್ರತಿಕಾಯಗಳು ಆ ಎರಡನ್ನೂ ತಾವೇ ಬೆಸೆದು, ಇಲ್ಲದ ಪ್ರೋಟೀನನ್ನು ಇದೆಯೆಂದು ತೋರಿಸಬಹುದು.

ಡಬ್ಬಿಯ ಮೇಲೆ "ನಾಯಿಗಳಿಗೆ" ಎಂದು ಅಚ್ಚಾಗಿದ್ದ ಮಾತ್ರಕ್ಕೆ ಈ ಸಂಶಯ ತೀರುವುದಿಲ್ಲ. ನಾಯಿಯ ಸೀರಂಗೇ ಗೊತ್ತಿರುವ ಪ್ರಮಾಣದ ಪ್ರೋಟೀನು ಬೆರೆಸಿ ನೋಡಬೇಕು. ಉದಾಹರಣೆಗೆ, ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂ ಹೆಚ್ಚುವಷ್ಟು ಬೆರೆಸಿದಾಗ ಓದಿಕೆ 90 ಮಾತ್ರ ಏರಿದರೆ, ಬೆರೆಸಿದ್ದರಲ್ಲಿ ಮರಳಿ ಸಿಕ್ಕಿದ್ದು ಶೇಕಡಾ 45. ಸಾಮಾನ್ಯವಾಗಿ ಒಪ್ಪುವುದು ಶೇಕಡಾ 80ರಿಂದ 120. ಮುಂದೆ, ಪ್ರೋಟೀನು ಹೆಚ್ಚಿರುವ ಸೀರಂ ಒಂದನ್ನು ಎರಡು ಪಟ್ಟು, ನಾಲ್ಕು ಪಟ್ಟು ತೆಳುಮಾಡಿ, ಬಂದ ಅಂಕಿಯನ್ನು ಅಷ್ಟರಿಂದಲೇ ಗುಣಿಸಿದರೆ ಉತ್ತರಗಳು ಹೆಚ್ಚುಕಡಿಮೆ ಒಂದೇ ಬರಬೇಕು. ತೆಳುಮಾಡಿದಷ್ಟೂ ಉತ್ತರ ಏರುತ್ತ ಹೋದರೆ ಸೀರಂನಲ್ಲಿ ಏನೋ ಅಡ್ಡಿ ಮಾಡುತ್ತಿದೆ ಎಂದೇ ತಿಳಿಯಬೇಕು.

ಇದನ್ನು ಯಾರೂ ಮಾಡದಿರಲು ಕಾರಣ ಅಜ್ಞಾನವಲ್ಲ, ಜಿಪುಣತನ. 96 ವೆಲ್‌ಗಳಲ್ಲಿ ಸ್ಟ್ಯಾಂಡರ್ಡ್ ಮತ್ತು ಬ್ಲಾಂಕ್ (ಪ್ರೋಟೀನು ಹಾಕದ ವೆಲ್) ಸೇರಿ 16 ಹೋದರೆ, ಪ್ರತಿ ಮಾದರಿಯನ್ನು ಎರಡೆರಡು ವೆಲ್‌ಗಳಲ್ಲಿ ಜೋಡಿಯಾಗಿ ಹಾಕಲು 40 ನಾಯಿಗಳಿಗೆ ಜಾಗ ಉಳಿಯುತ್ತದೆ. ದುಬಾರಿ ಕಿಟ್ಟಿನ ಆ 40ರಲ್ಲಿ ಒಂದನ್ನೂ ಬಿಟ್ಟುಕೊಡಲು ಮಾರ್ಗದರ್ಶಕರಿಗೂ ಮನಸ್ಸಿಲ್ಲ.

ಆರೋಗ್ಯವಂತ ನಾಯಿಗಳಲ್ಲಿ ಈ ಪ್ರೋಟೀನು ಪತ್ತೆಯ ಮಿತಿಗಿಂತ ಕೆಳಗಿರುವುದು ಸಾಮಾನ್ಯ. ಆಗ "ಮಿತಿಗಿಂತ ಕಡಿಮೆ" ಎಂದು ಬರೆಯಬೇಕು. ಸೊನ್ನೆ ಬರೆದು ಸರಾಸರಿ ತೆಗೆಯಬಾರದು. ಉರಿಯೂತ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಾದ ಚಿಕಿತ್ಸಕರಿಗೆ, ಇದೇ ಪ್ರೋಟೀನಿನ ಪ್ರಚೋದನೆಯಿಂದ ಯಕೃತ್ತು ತಯಾರಿಸುವ ಸಿ-ರಿಯಾಕ್ಟಿವ್ ಪ್ರೋಟೀನಿನ ಪರೀಕ್ಷೆ ಬಹುಮಟ್ಟಿಗೆ ಸಾಕು, ಅದೂ ನಾಯಿಗೆಂದೇ ಮಾಡಿದ್ದಾದರೆ. ಉರಿಯೂತ ಎಲ್ಲಿದೆ ಎಂಬುದನ್ನು ಮಾತ್ರ ಅದೂ ಹೇಳದು.

ಇನ್ನು ಮುಂದೆ ನಮಗೆ ಮಾದರಿ ಕಳುಹಿಸುವವರು ಬೇಗ ಬೇರ್ಪಡಿಸಿದ ಇಡಿಟಿಎ ಪ್ಲಾಸ್ಮಾವನ್ನು (ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ ರಕ್ತದ ದ್ರವಭಾಗ) ಸಣ್ಣ ಸಣ್ಣ ಕೊಳವೆಗಳಲ್ಲಿ ಹಂಚಿ, ಮೈನಸ್ 80 ಡಿಗ್ರಿಯಲ್ಲಿಟ್ಟು, ಮತ್ತೆ ಮತ್ತೆ ಕರಗಿಸದೆ ಕಳುಹಿಸಲಿ. ಜೊತೆಗೆ ಒಂದು ಆರೋಗ್ಯವಂತ ಮತ್ತು ಒಂದು ಕಾಯಿಲೆಯ ನಾಯಿಯ ಹೆಚ್ಚುವರಿ ಕೊಳವೆಗಳಿರಲಿ. ಬೆರೆಸಿ ನೋಡುವ ಪರೀಕ್ಷೆ ಅವುಗಳಲ್ಲಿ ಮುಗಿಯುವವರೆಗೆ ಉಳಿದವನ್ನು ನಾವು ಫ್ರೀಜರಿನಿಂದ ಹೊರತೆಗೆಯುವುದಿಲ್ಲ.