ಪುಟ್ ಆಫ್, ಕಾಲ್ ಆಫ್, ಲುಕ್ ಆಫ್ಟರ್: ಗೊಂದಲ ಬಿಡಿಸಿಕೊಳ್ಳೋಣ

'ಮಗುವನ್ನು ನೋಡು', 'ಮಗುವನ್ನು ನೋಡಿಕೋ'. ಎರಡಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? 'ಕೊಳ್ಳು' ಬಂದು ಅಂಟಿಕೊಂಡಿದ್ದೇ ತಡ, ಕಣ್ಣಿನ ಕೆಲಸ ಹೋಗಿ ಆರೈಕೆಯ ಕೆಲಸ ಬಂತು. ಇಂಗ್ಲಿಷಿನ ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ಆಫ್, ಅಪ್, ಆಫ್ಟರ್ ತರಹದ ಪುಟ್ಟ ಪದ ಸೇರಿದ ಜೋಡಿ ಕೂಡ ಹೀಗೇ. ಲುಕ್ ಅಂದರೆ ನೋಡು, ಲುಕ್ ಆಫ್ಟರ್ ಅಂದರೆ ನೋಡಿಕೋ. ಲುಕ್ ಫಾರ್ ಅಂದರೆ ಹುಡುಕು. ಲುಕ್ ಇಂಟು ಅಂದರೆ ವಿಚಾರಿಸಿ ತಿಳಿದುಕೋ. ಲುಕ್ ಅಪ್ ಅಂದರೆ ನಿಘಂಟಿನಲ್ಲೋ ಪಟ್ಟಿಯಲ್ಲೋ ತೆಗೆದು ನೋಡು. ಸುಮ್ನೆ ಪದ ಪದ ಬಿಡಿಸಿ ಅರ್ಥ ಹುಡುಕಬೇಡಿ. ಜೋಡಿಯನ್ನೇ ಒಂದು ಕ್ರಿಯಾಪದ ಅಂತ ಕಲಿಯಿರಿ.

ನಾನು ಜಾಸ್ತಿ ಎಡವಿದ್ದು ಪುಟ್ ಆಫ್, ಕಾಲ್ ಆಫ್ ಜೋಡಿಯಲ್ಲಿ. ಯಾವುದನ್ನು ಹೇಳಿದರೂ ಇವತ್ತು ಮೀಟಿಂಗ್ ಇಲ್ಲ ಅಂತಲೇ ಅರ್ಥ. ಆದರೆ ಪುಟ್ ಆಫ್ ಅಂದರೆ ಮುಂದೂಡುವುದು, ಕಾಲ್ ಆಫ್ ಅಂದರೆ ರದ್ದು ಮಾಡುವುದು. ಒಮ್ಮೆ ಮುಂದೂಡಿದ ಮೀಟಿಂಗ್ ಬಗ್ಗೆ 'ಕಾಲ್ಡ್ ಆಫ್' ಅಂತ ಬರೆದು ಕಳಿಸಿದೆ. ಹೊಸ ದಿನ ಯಾರೂ ಬರಲಿಲ್ಲ. ತುಂಬ ಬೇಜಾರಾಯಿತು. ಈಗ ವಾಕ್ಯದ ಕೊನೆಗೆ 'ಟಿಲ್ ಮಂಡೇ' ಸೇರಿಸಿ ನೋಡುತ್ತೇನೆ. ಅದು ಹೊಂದಿದರೆ ಪುಟ್ ಆಫ್. ರದ್ದಾದದ್ದಕ್ಕೆ ಸೋಮವಾರ ಎಲ್ಲಿಂದ ಬರಬೇಕು?

ಗಿವ್ ಅಪ್ ಅಂದರೆ ಬಿಟ್ಟುಬಿಡು, ಗಿವ್ ಇನ್ ಅಂದರೆ ಮಣಿ. ಸಿಗರೇಟ್ ಬಿಡಲು ಒಬ್ಬರೇ ಸಾಕು: 'ಹಿ ಗೇವ್ ಅಪ್ ಸ್ಮೋಕಿಂಗ್'. ಮಣಿಯಬೇಕಾದರೆ ಎದುರಿಗೆ ಒತ್ತಾಯವೋ ಹಟವೋ ಇರಬೇಕು. ಯಾವುದಕ್ಕೆ ಮಣಿದರು ಅಂತ ಹೇಳುವಾಗ 'ಟು' ಸೇರುತ್ತದೆ: 'ಶಿ ಗೇವ್ ಇನ್ ಟು ದೇರ್ ಡಿಮ್ಯಾಂಡ್ಸ್'.

ಟೇಕ್ ಆಫ್ಟರ್ ಅಂದರೆ ಆರೈಕೆ ಅಲ್ಲ. ಅಪ್ಪನನ್ನೋ ಅಜ್ಜಿಯನ್ನೋ ಹೋಲುವುದು, ಅಷ್ಟೇ.

ಅರ್ಥ ಗೊತ್ತಿದ್ದವರೂ ತಪ್ಪುವ ಜಾಗ ಇನ್ನೊಂದಿದೆ. ನಮ್ಮ 'ನೋಡಿಕೋ' ನಡುವೆ ಬೇರೆ ಪದ ನುಗ್ಗುವುದಿಲ್ಲ. ಇಂಗ್ಲಿಷಿನಲ್ಲಿ ಕೆಲವು ಜೋಡಿಗಳ ನಡುವೆ ನುಗ್ಗುತ್ತದೆ. 'ಕಾಲ್ ಆಫ್ ದ ಮೀಟಿಂಗ್' ಸರಿ, 'ಕಾಲ್ ದ ಮೀಟಿಂಗ್ ಆಫ್' ಕೂಡ ಸರಿ. ಆದರೆ ಇಟ್, ದೆಮ್ ತರಹದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: 'ಕಾಲ್ ಇಟ್ ಆಫ್'. 'ಕಾಲ್ ಆಫ್ ಇಟ್' ತಪ್ಪು. ಪುಟ್ ಆಫ್, ಲುಕ್ ಅಪ್ ಕೂಡ ಇದೇ ಜಾತಿ. ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇಂಟು, ಟೇಕ್ ಆಫ್ಟರ್ ಮಾತ್ರ ಬಿಡಿಸುವ ಹಾಗಿಲ್ಲ: 'ಲುಕ್ ಆಫ್ಟರ್ ದೆಮ್'.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೀ 'ಕಾಲ್ ಆಫ್' ಅಂತ ಬರೆಯಬೇಡಿ. 'ಕಾಲ್ ಇಟ್ ಆಫ್', 'ಲುಕ್ ಆಫ್ಟರ್ ಇಟ್' ಅಂತ 'ಇಟ್' ಸೇರಿಸಿಯೇ ಬರೆದುಕೊಳ್ಳಿ.